ಬ್ಲೌಸ್ ರೆಡಿಯಾಗಿದೆ, ದಯವಿಟ್ಟು ನಂಬಿ

ಶುಕ್ರವಾರ ಬೆಳಿಗ್ಗೆ ನಾನು ಹುಕ್ಕು ಹೊಲಿಯುತ್ತಿದ್ದೆ. ಒಟ್ಟು ಆರು. ಒಂದೊಂದಕ್ಕೂ ಏಳು ಸುತ್ತು ದಾರ, ಕೊನೆಗೊಂದು ಗಂಟು. ಮುನಿರಾಜಪ್ಪ ಮಾಸ್ಟರು ಮೆಷಿನ್ ನಿಲ್ಲಿಸಿ ನನ್ನ ಸೂಜಿಯನ್ನೇ ನೋಡುತ್ತಿದ್ದರು. ಅವರ ಹೆಂಡತಿ ಯಶೋದಮ್ಮ ಇಸ್ತ್ರಿಪೆಟ್ಟಿಗೆ ಎತ್ತಿ ಹಿಡಿದವರು ಇಳಿಸುವುದನ್ನೇ ಮರೆತಿದ್ದರು. ಆರನೆಯ ಗಂಟನ್ನು ಹಲ್ಲಿನಲ್ಲಿ ಕತ್ತರಿಸಿ ಬ್ಲೌಸನ್ನು ಮೇಜಿನ ಮೇಲೆ ಹರವಿದೆ. ಮೂವರೂ ಬಗ್ಗಿ ನೋಡಿದೆವು. ಮಾಸ್ಟರು ಮೊದಲು ಎಡತೋಳು ಮುಟ್ಟಿದರು, ಆಮೇಲೆ ಬಲತೋಳು ಮುಟ್ಟಿದರು. ಎರಡೂ ಇದ್ದವು.

ಇದರಲ್ಲೇನು ವಿಶೇಷ ಎಂದು ಕೇಳುವವರು ಹಲಸೂರಿನವರಲ್ಲ. ಬಜಾರ್ ಬೀದಿಯ ಯಶೋದಾ ಲೇಡೀಸ್ ಟೈಲರ್ಸ್‌ನಲ್ಲಿ ಹೇಳಿದ ದಿನಕ್ಕಿಂತ ಮೊದಲು ಒಂದು ಬ್ಲೌಸ್ ಮುಗಿದದ್ದು ಮೂವತ್ತೊಂದು ವರ್ಷಗಳಲ್ಲಿ ಅದೇ ಪ್ರಥಮ. ಮಾಸ್ಟರ ಕೈಯಲ್ಲಿ ದೋಷವಿಲ್ಲ. ಅವರು ಕತ್ತರಿಸಿದ ಬ್ಲೌಸು ಬೆನ್ನಿನ ಮೇಲೆ ಹುಟ್ಟಿನಿಂದ ಇದ್ದಂತೆ ಕೂರುತ್ತದೆ. ದೋಷವೆಲ್ಲ ಬಾಯಲ್ಲಿ. ಯಾರು ಬಂದು ಕೇಳಿದರೂ "ರೆಡಿ ಇದೆ, ಹುಕ್ಸ್ ಒಂದ್ ಬಾಕಿ, ನಾಳೆ ಬನ್ನಿ" ಎನ್ನುತ್ತಾರೆ. ಆಗಿನ್ನೂ ಲೈನಿಂಗ್ ಬಟ್ಟೆಯನ್ನು ನೆನೆಯಲು ಕೂಡ ಹಾಕಿರುವುದಿಲ್ಲ. ಗಿರಾಕಿಗಳೂ ಪಳಗಿದ್ದಾರೆ. ಚೀಟಿಯಲ್ಲಿ ಬರೆದ ತಾರೀಖಿಗೆ ಹದಿನೈದು ದಿನ ಸೇರಿಸಿಕೊಂಡು ಬರುತ್ತಾರೆ. ಜಾಣರು ಇಪ್ಪತ್ತು ಸೇರಿಸುತ್ತಾರೆ.

ಎಲ್ಲವೂ ಹೀಗೆಯೇ ಚೆನ್ನಾಗಿ ನಡೆಯುತ್ತಿತ್ತು. ಎರಡು ವರ್ಷದ ಹಿಂದೆ ಮಾಸ್ಟರ ತಂಗಿ ಭಾಗ್ಯಲಕ್ಷ್ಮಿಯವರ ದೊಡ್ಡ ಮಗಳ ಮದುವೆ ಕೆ.ಆರ್. ಪುರದ ಛತ್ರದಲ್ಲಿ ಆಯಿತು. ಮುಹೂರ್ತದ ಬ್ಲೌಸು ಛತ್ರ ಸೇರಿದ್ದು ಓಲಗ ಶುರುವಾದ ಮೇಲೆ, ಅದೂ ಒಂದೇ ತೋಳಿನಲ್ಲಿ. ಇನ್ನೊಂದು ತೋಳು ಹಿಂದಿನ ಆಟೋದಲ್ಲಿ ನನ್ನ ಜೊತೆ ಬರುತ್ತಿತ್ತು. ಟಿನ್ ಫ್ಯಾಕ್ಟರಿ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡೆವು, ನಾನು ಮತ್ತು ತೋಳು. ಮದುಮಗಳು ಬಲಭುಜದ ಮೇಲೆ ಸೆರಗು ಹೊದ್ದುಕೊಂಡೇ ತಾಳಿ ಕಟ್ಟಿಸಿಕೊಂಡಳು. ಫೋಟೋಗಳಲ್ಲೆಲ್ಲ ಅವಳಿಗೆ ಚಳಿಜ್ವರ ಬಂದಂತೆ ಕಾಣುತ್ತದೆ. ಅಂದೇ ಭಾಗ್ಯಲಕ್ಷ್ಮಿಯವರು ಫೋನಿನಲ್ಲಿ ಅಣ್ಣನ ನಂಬರನ್ನು ಬ್ಲಾಕ್ ಮಾಡಿದರು.

ಈಗ ಚಿಕ್ಕ ಮಗಳು ತೇಜಶ್ರೀಯ ಮದುವೆ. ತಿಂಗಳ ಹಿಂದೆ ಭಾಗ್ಯಲಕ್ಷ್ಮಿಯವರು ತಾವೇ ಅಂಗಡಿಗೆ ಬಂದರು. ಅವರು ಸರ್ಕಾರಿ ಕಾರ್ಖಾನೆಯೊಂದರ ಸ್ಟೋರ್ಸ್ ವಿಭಾಗದಲ್ಲಿ ಕೆಲಸಕ್ಕಿದ್ದಾರೆ. ಬರವಣಿಗೆಯಲ್ಲಿ ಇಲ್ಲದ್ದು ಭೂಮಿಯ ಮೇಲೆ ನಡೆದೇ ಇಲ್ಲ ಎಂಬುದು ಅವರ ನಂಬಿಕೆ.

"ಅಣ್ಣ, ನಂಗೆ ನಿನ್ ಕೈ ಬೇಕು, ಬಾಯಿ ಬೇಡ," ಎಂದು ರೇಷ್ಮೆ ಬಟ್ಟೆ ಮೇಜಿನ ಮೇಲಿಟ್ಟರು. "ಫೋನಲ್ಲಿ ರೆಡಿ ಅನ್ನಂಗಿಲ್ಲ. ಚೀಟಿ ಕೊಡಂಗಿಲ್ಲ. ನಿನ್ ಚೀಟಿ ಯೋಗ್ಯತೆ ಇಡೀ ಹಲಸೂರಿಗೆ ಗೊತ್ತು. ಮುಗಿದ ಮೇಲೆ ನಂಗೆ ಮೇಲ್ ಹಾಕು. ನಮ್ ಸ್ಟೋರ್ಸಲ್ಲಿ ಒಂದ್ ನಟ್ ಬೇಕಂದ್ರೂ ಮೇಲ್ ಬರ್ಬೇಕು. ಡೇಟು ಟೈಮು ಎರಡೂ ಬೀಳುತ್ತೆ, ಆಮೇಲೆ ನಾನ್ ಹಂಗಂದಿಲ್ಲ ಅನ್ನಕ್ಕಾಗಲ್ಲ. ಮೇಲ್ ಬಂತು ಅಂದ್ರೆ ನಾವೇ ಬಂದು ಟ್ರಯಲ್ ನೋಡ್ತೀವಿ. ಅಲ್ಲೀವರ್ಗೂ ಬ್ಲೌಸ್ ಅಂಗಡಿ ದಾಟಂಗಿಲ್ಲ."

"ಬರ್ಲಿಲ್ಲ ಅಂದ್ರೆ?" ಎಂದರು ಮಾಸ್ಟರು. ಅಭ್ಯಾಸಬಲ.

"ಭಾನುವಾರ ಮದುವೆ. ಅದಕ್ಕೆ ಮುಂಚಿನ ಗುರುವಾರ ಸಂಜೆ ಐದ್ ಗಂಟೆವರ್ಗೂ ಕಾಯ್ತೀನಿ. ಆಮೇಲೆ ಇಂದಿರಾನಗರದಲ್ಲಿ ಯಾವುದಾದ್ರೂ ರೆಡಿಮೇಡ್ ತಗೋತೀನಿ. ನೀನು ಮದುವೆಗೆ ಬಾ, ಊಟ ಮಾಡು. ತೇಜೂನ ಹಸೆಮಣೆಗೆ ಕರ್ಕೊಂಡ್ ಬರಕ್ಕೆ ನಮ್ ಚಿಕ್ಕಪ್ಪನ ಮಗ ಬಸಣ್ಣ ಇದಾನೆ."

ಮಾಸ್ಟರು ಕತ್ತರಿ ಕೆಳಗಿಟ್ಟರು. ಒಂಬತ್ತನೇ ಕ್ಲಾಸು ಬಿಟ್ಟು ನಾನು ಈ ಅಂಗಡಿಗೆ ಬಂದು ಆರು ವರ್ಷವಾಯಿತು, ಅವರು ಹಗಲು ಹೊತ್ತು ಕತ್ತರಿ ಕೆಳಗಿಟ್ಟದ್ದು ನೋಡಿರಲಿಲ್ಲ. ನಮ್ಮ ಕಡೆ ಹೆಣ್ಣನ್ನು ಕೈಹಿಡಿದು ಹಸೆಮಣೆಗೆ ತರುವವನು ಸೋದರಮಾವ. ಒಡಹುಟ್ಟಿದ ಅಣ್ಣ ಊಟದ ಪಂಕ್ತಿಯಲ್ಲಿ ಕೂತು, ಚಿಕ್ಕಪ್ಪನ ಮಗ ಮದುಮಗಳ ಕೈ ಹಿಡಿದರೆ ಅದನ್ನು ನೆಂಟರು ಮೂರು ತಲೆಮಾರು ನೆನಪಿಟ್ಟುಕೊಳ್ಳುತ್ತಾರೆ.

ತಂಗಿ ಹೋದ ಮೇಲೆ ಹೆಂಡತಿಯ ಸರದಿ. "ಬೋರ್ಡ್ ಮೇಲಿರೋದು ನನ್ ಹೆಸ್ರು," ಎಂದರು ಯಶೋದಮ್ಮ. "ಇನ್ಮೇಲೆ ಅದರ ಕೆಳಗೆ ಕೂತ್ಕೊಂಡು ಒಂದ್ ಸುಳ್ಳು ಹೇಳಿದ್ರೂ ಬೋರ್ಡ್ ಇಳಿಸಿ ಒಲೆಗೆ ಹಾಕ್ತೀನಿ."

ಹೀಗೆ ಮಾಸ್ಟರು ಸುಧಾರಿಸಿದರು. ತೇಜಶ್ರೀಯದು ಮಾತ್ರವಲ್ಲ, ಅಂಗಡಿಯಲ್ಲಿದ್ದ ಇನ್ನೂ ನಲವತ್ತಮೂರು ಬ್ಲೌಸುಗಳನ್ನು ಹೇಳಿದ ದಿನಕ್ಕೆ ಮುಗಿಸಿದೆವು. ಬಾಯಿಯ ಬದಲು ಇನ್ನು ಮುಂದೆ ಈ-ಮೇಲ್ ಮಾತಾಡಲಿ ಎಂದು ಎಲ್ಲ ಗಿರಾಕಿಗಳ ಮೇಲ್ ವಿಳಾಸವನ್ನೂ ನನ್ನ ಕೈಯಲ್ಲಿ ಬರೆಸಿಟ್ಟರು.

ಮಾಸ್ಟರ ಫೋನಿನಲ್ಲಿ ಎಲ್ಲರಂತೆ ಒಂದು ಪುಕ್ಕಟೆ ಮೇಲ್ ಇತ್ತು. ಅದರಲ್ಲೇ ನಾಲ್ಕು ಸಾಲು ಒತ್ತಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಅಂಗಡಿಯ ಮೇಲಿನ ಮನೆಯಲ್ಲಿ ಪ್ರೇಮ್‌ಕುಮಾರ್ ಬಾಡಿಗೆಗಿದ್ದ. ಕ್ಲೌಡ್‌ನಲ್ಲಿ ಕೆಲಸ ಎನ್ನುತ್ತಿದ್ದ. ಬಟನ್ ಹಾಕಿಸಲು ಶರಟು ತಂದವನು ಮೇಲ್ ವಿಷಯ ಕೇಳಿ ನಕ್ಕ.

"ಫ್ರೀ ಮೇಲಾ ಮಾಸ್ಟರ್? ಬೇರೆಯವರ ಮನೆ ಜಗುಲಿ ಮೇಲೆ ಕೂತ್ಕೊಂಡು ಕಾಗದ ಬರ್ದಂಗೆ ಅದು. ಸ್ವಂತ ಹೆಸರು ತಗೊಳ್ಳಿ, ಸ್ವಂತ ಸರ್ವರ್ ಹಾಕೋಣ. ಮುಂಬೈಲಿ ಮೇಲ್ ಕಳಿಸೋ ಒಂದು ಚಿಕ್ಕ ಮೆಷಿನ್ ಬಾಡಿಗೆಗೆ ಸಿಗುತ್ತೆ. ಸಿಂಪಲ್. ಅರ್ಧ ಗಂಟೆ ಕೆಲಸ."

ಮಾಸ್ಟರು ಆ ಮಾತನ್ನು ಕೇಳಿಸಿಕೊಂಡ ರೀತಿ ನೋಡಿಯೇ ನನಗೆ ಭಯವಾಯಿತು. ಅದು ಅವರದೇ ಮಾತು. ಬರೀ ಹುಕ್ಸ್ ಬಾಕಿ, ಅರ್ಧ ಗಂಟೆ ಕೆಲಸ.

ಪ್ರೇಮ್ ಒಂದು ವಾರ ತೆಗೆದುಕೊಂಡ. ಕೊನೆಗೆ ವಿಳಾಸ ಸಿದ್ಧವಾಯಿತು. ರೆಡಿ ಅಟ್ ಯಶೋದಾ ಲೇಡೀಸ್ ಟೈಲರ್ಸ್ ಡಾಟ್ ಇನ್. ಮಾಸ್ಟರು ಖುಷಿಯಲ್ಲಿ ತೇಜಶ್ರೀಗೆ ಫೋನ್ ಮಾಡಿ ಹೇಳಿಯೂಬಿಟ್ಟರು. "ನಿಮ್ಮಮ್ಮಂಗೆ ಹೇಳು, ಸ್ವಂತ ಹೆಸರಿಂದ ಬರುತ್ತೆ. ಬೇರೆ ಯಾವ ವಿಳಾಸದಿಂದ ನನ್ ಹೆಸರಲ್ಲಿ ಬಂದ್ರೂ ನಂಬಬೇಡಿ. ಫ್ರಾಡ್ ಜಾಸ್ತಿ ಆಗಿದೆ." ಬಾವಿ ತೋಡಿ, ಹಗ್ಗವನ್ನೂ ತಾವೇ ಕತ್ತರಿಸಿ, ತೃಪ್ತಿಯಿಂದ ಫೋನ್ ಇಟ್ಟರು.

ಹುಕ್ಕು ಹೊಲಿದ ಆ ಶುಕ್ರವಾರ ಹನ್ನೊಂದು ಇಪ್ಪತ್ತಕ್ಕೆ, ಗಡುವಿನ ಗುರುವಾರಕ್ಕೆ ಇನ್ನೂ ಆರು ದಿನವಿರುವಾಗಲೇ, ಮೊದಲನೆಯ ಮೇಲ್ ಬರೆದೆವು. ಮಾಸ್ಟರು ಹೇಳಿದರು, ನಾನು ಒತ್ತಿದೆ. "ಮಾನ್ಯರೇ, ತಮ್ಮ ಸುಪುತ್ರಿಯ ಮುಹೂರ್ತದ ಬ್ಲೌಸ್ ರೆಡಿಯಾಗಿದೆ. ಟ್ರಯಲ್‌ಗೆ ಬರತಕ್ಕದ್ದು." ಬೆನ್ನಹಿಂದೆಯೇ ನಲವತ್ತಮೂರು ಗಿರಾಕಿಗಳಿಗೂ ಹೋಯಿತು. ಮಾಸ್ಟರು ತಲೆ ಬಾಚಿಕೊಂಡು ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತರು.

ಯಾರೂ ಬರಲಿಲ್ಲ. ಶನಿವಾರವೂ ಬರಲಿಲ್ಲ. ಬ್ಲೌಸುಗಳ ಭಾರಕ್ಕೆ ನೇತುಹಾಕಿದ್ದ ರಾಡು ನಡುವೆ ಬಗ್ಗಿತು. ಗಿರಾಕಿಗಳು ಎದುರಿನ ಫುಟ್‌ಪಾತಿನಲ್ಲಿ ಹೋಗುವಾಗ ನಮ್ಮತ್ತ ನೋಡುತ್ತಿದ್ದರು, ಮನಸ್ಸಿನಲ್ಲಿ ಹದಿನೈದು ಕೂಡಿಸುತ್ತಿದ್ದರು, ಮುಂದೆ ಹೋಗುತ್ತಿದ್ದರು. ಮಾಸ್ಟರು ಕೈ ಬೀಸಿ "ರೆಡಿ ಇದೆ ಬನ್ನಿ!" ಎಂದು ಕೂಗಿದರೆ ಅವರೂ ನಗುತ್ತಾ ಕೈ ಬೀಸಿದರು. ಮೂವತ್ತೊಂದು ವರ್ಷದ ಪರಿಚಯ.

ಭಾನುವಾರ ಪ್ರೇಮ್ ಲ್ಯಾಪ್‌ಟಾಪ್ ತಂದು ನೋಡಿದ. ಸ್ವಲ್ಪ ಹೊತ್ತು ಗಲ್ಲ ತುರಿಸಿಕೊಂಡ.

"ಮಾಸ್ಟರ್, ಒಂದೂ ಆಚೆಗೆ ಹೋಗಿಲ್ಲ. ಎಲ್ಲಾ ಕ್ಯೂನಲ್ಲಿ ನಿಂತಿವೆ."

"ಕ್ಯೂನಾ? ಎಷ್ಟುದ್ದ ಇದೆ?"

"ಅಷ್ಟೂ ನಮ್ಮವೇ. ಮೇಲ್ ಆಚೆ ಹೋಗೋದು ಇಪ್ಪತ್ತೈದನೇ ನಂಬರ್ ಪೋರ್ಟಿಂದ. ಅಂದ್ರೆ ಗೇಟು ಅನ್ಕೊಳ್ಳಿ. ಕ್ಲೌಡ್ ಕಂಪನಿಯೋರು ಹೊಸಬರಿಗೆ ಆ ಗೇಟ್ ತೆಗೆಯಲ್ಲ. ಬಂದ್ ಬಂದೋರೆಲ್ಲ ಕಸದ ಮೇಲ್ ಕಳಿಸ್ತಾರೆ ಅಂತ. ಅರ್ಜಿ ಹಾಕ್ಬೇಕು."

"ಮುಂಚೇನೇ ಹೇಳೋದಲ್ವಾ?"

"ನಂಗೂ ಈಗ್ಲೇ ಗೊತ್ತಾಗಿದ್ದು," ಎಂದ ಪ್ರೇಮ್. ಒಳ್ಳೆಯ ಹುಡುಗ. ಸುಳ್ಳು ಹೇಳುವುದಿಲ್ಲ.

ಅರ್ಜಿಯಲ್ಲಿ ಪ್ರಶ್ನೆಗಳಿದ್ದವು. ಪ್ರೇಮ್ ಓದಿ ಕನ್ನಡದಲ್ಲಿ ಕೇಳಿದ, ಮಾಸ್ಟರು ಕೈಕಟ್ಟಿ ನಿಂತು ಉತ್ತರ ಕೊಟ್ಟರು.

"ನೀವು ಯಾರಿಗೆ ಮೇಲ್ ಕಳಿಸ್ತೀರಿ?"

"ಹೆಂಗಸರಿಗೆ."

ಪ್ರೇಮ್‌ನ ಕೈ ನಿಂತಿತು. "ಗಿರಾಕಿಗಳಿಗೆ ಅಂತ ಹಾಕ್ತೀನಿ. ಅವರ ಒಪ್ಪಿಗೆ ಇದ್ಯಾ?"

"ಒಪ್ಪಿಗೇನಾ? ಅವರು ತಾನೇ ಯಾವಾಗ ಯಾವಾಗ ಅಂತ ನನ್ ಪ್ರಾಣ ತಿನ್ನೋದು!"

"ದೂರು ಬಂದ್ರೆ ಹೇಗೆ ನಿಭಾಯಿಸ್ತೀರಿ?"

ಮಾಸ್ಟರು ನೆಟ್ಟಗೆ ನಿಂತರು. ಇದು ಅವರ ವಿಷಯ. "ಮೂವತ್ತೊಂದ್ ವರ್ಷದಿಂದ ಬರ್ತಾನೇ ಇದೆ, ಒಂದಕ್ಕೂ ಜಗ್ಗಿಲ್ಲ ಅಂತ ಬರಿ."

ಇದನ್ನು ಪ್ರೇಮ್ ಇಂಗ್ಲಿಷಿನಲ್ಲಿ ಹೇಗೆ ಬರೆದನೋ ಗೊತ್ತಿಲ್ಲ. ಸೋಮವಾರ ಬೆಳಿಗ್ಗೆ ಉತ್ತರ ಬಂತು. ನಿಮ್ಮ ಕೋರಿಕೆಯನ್ನು ಒಪ್ಪಲಾಗದು, ಕಾರಣ ತಿಳಿಸಲಾಗದು.

ಮಾಸ್ಟರಿಗೆ ಕೋಪ ಬರಲಿಲ್ಲ, ಗೌರವ ಬಂತು. "ಕಾರಣ ಹೇಳಲ್ಲ ಅಂತ ಧೈರ್ಯವಾಗಿ ಹೇಳ್ತಾರಲ್ಲ, ದೊಡ್ ಜನ. ನಾನು ಒಬ್ಬೊಬ್ರಿಗೂ ಒಂದೊಂದು ಕಾರಣ ಹುಡುಕಿ ಹುಡುಕಿ ಸವೆದ್ಹೋದೆ."

ಅಷ್ಟರಲ್ಲಿ ಮೇಲುಗಳು ಏರುತ್ತಲೇ ಇದ್ದವು. ಹೋಗುತ್ತದೋ ಇಲ್ಲವೋ, ಮಾಸ್ಟರು ತಂಗಿಗೆ ಬೆಳಿಗ್ಗೆ ಒಂದು, ಸಂಜೆ ಒಂದು ಹೇಳಿ ಬರೆಸುತ್ತಿದ್ದರು. 'ಮಾನ್ಯರೇ' ಎಂಬುದು ಎರಡನೆಯ ದಿನವೇ ಬಿದ್ದುಹೋಯಿತು. "ಭಾಗ್ಯ, ಎರಡೂ ತೋಳು ಇದೆ. ನಾನು ಎಣಿಸಿದ್ದೀನಿ. ಅಮ್ಮಣ್ಣೀನೂ ಎಣಿಸಿದ್ದಾಳೆ." ಅಮ್ಮಣ್ಣಿ ಎಂದರೆ ನಾನು.

"ಫ್ರೀ ಮೇಲಿಂದಾನೇ ಕಳಿಸಿ, ಯಾವುದಾದ್ರೇನು?" ಎಂದರು ಯಶೋದಮ್ಮ.

"ಅದನ್ನ ನಂಬಬೇಡ ಅಂತ ನಾನೇ ಹೇಳಿದೀನಲ್ಲೇ! ಈಗ ಅದರಲ್ಲೇ ಕಳಿಸಿದ್ರೆ ಆ ಮಾತೇ ಸುಳ್ಳಾಗುತ್ತೆ!"

ಯಶೋದಮ್ಮ ಬೋರ್ಡಿನ ಕಡೆ ನೋಡಿದರು. ಮಾಸ್ಟರು ತಲೆ ತಗ್ಗಿಸಿದರು.

ಇನ್ನೊಮ್ಮೆ ಅರ್ಜಿ ಹಾಕಿ, ಅಂಗಡಿಯ ದಾಖಲೆ ಜೊತೆಗಿಡಿ ಎಂದ ಪ್ರೇಮ್. ಮಂಗಳವಾರ ಲೈಸೆನ್ಸಿನ ಪ್ರತಿಗಾಗಿ ವಾರ್ಡ್ ಕಚೇರಿಗೆ ಹೋದೆವು. ಫೈಲು ಹಿಡಿದುಕೊಳ್ಳಲು ನಾನು. ಕೌಂಟರಿನಲ್ಲಿ ಶ್ರೀನಾಥ್ ಎಂಬ ಸಮಾಧಾನದ ಗುಮಾಸ್ತರಿದ್ದರು.

"ಪ್ರತಿ ಯಾತಕ್ಕೆ ಬೇಕ್ರೀ?"

"ಮುಂಬೈಲಿ ಗೇಟ್ ತೆಗೆಸ್ಬೇಕು ಸಾರ್."

ಶ್ರೀನಾಥ್ ಕನ್ನಡಕ ತೆಗೆದರು. "ನಿಮ್ ಕೆಲ್ಸ ಏನು?"

"ಬ್ಲೌಸ್ ಹೊಲಿಯೋದು."

"ಎಲ್ಲಿ?"

"ಹಲಸೂರಲ್ಲಿ."

"ಹಲಸೂರಲ್ಲಿ ಬ್ಲೌಸ್ ಹೊಲಿಯಕ್ಕೆ ಮುಂಬೈಲಿ ಗೇಟ್ ಯಾಕ್ರೀ ತೆಗೀಬೇಕು?"

"ತಂಗಿ ಕಗ್ಗದಾಸಪುರದಲ್ಲಿ ಇದಾಳೆ ಸಾರ್," ಎಂದರು ಮಾಸ್ಟರು, ಎಲ್ಲವನ್ನೂ ವಿವರಿಸಿಬಿಟ್ಟವರಂತೆ.

ಶ್ರೀನಾಥ್ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಅವರು ಕನ್ನಡಕ ಹಾಕಿಕೊಂಡು, ಬೇರೆ ಪ್ರಶ್ನೆ ಕೇಳದೆ, ಪ್ರತಿಗೆ ಮೊಹರು ಒತ್ತಿ ಎರಡೂ ಕೈಯಲ್ಲಿ ಕೊಟ್ಟರು. ಸರ್ಕಾರಿ ಕೆಲಸ ಅಷ್ಟು ಬೇಗ ಆದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ವಾಪಸ್ಸು ಬಂದು ಮಾಸ್ಟರು ನೇರ ಪ್ರೇಮ್‌ನ ಮನೆಗೆ ಮೆಟ್ಟಿಲು ಹತ್ತಿದರು. ನಾನು ಅಂಗಡಿ ಹೊಗುವಷ್ಟರಲ್ಲಿ ಎದುರಿನ ಮ್ಯಾಚಿಂಗ್ ಸೆಂಟರಿನ ಅಬ್ರಾರ್ ಭಾಯ್ ತಡೆದರು. ದಾರ, ಲೈನಿಂಗು, ಲೇಸು ಮತ್ತು ಬೀದಿಯ ಸಮಾಚಾರ ಎಲ್ಲವೂ ಅವರಲ್ಲಿ ಸಿಗುತ್ತದೆ.

"ಕ್ಯಾ ಅಮ್ಮಣ್ಣಿ, ಫೈಲ್ ಗೀಲ್ ಹಿಡ್ಕೊಂಡು? ಮಾಸ್ಟ್ರು ಎಲ್ಲಿಗೆ ಹೋಗಿದ್ರು?"

ನಾನು ದಿನಕ್ಕೆ ಐದಾರು ವಾಕ್ಯಕ್ಕಿಂತ ಹೆಚ್ಚು ಮಾತಾಡುವವಳಲ್ಲ. ಮುಂಬೈಯ ಆ ಮೆಷಿನ್ನಿಗೆ ಏನನ್ನುತ್ತಾರೆ ಎಂಬುದೂ ಆಗ ನಾಲಿಗೆಗೆ ಬರಲಿಲ್ಲ. ಹೆಸರನ್ನು ಬಿಟ್ಟು ಉಳಿದದ್ದನ್ನು ಹೇಳಿದೆ.

"ಲೈಸೆನ್ಸಿಗೆ. ಮುಂಬೈಲಿ ಬಾಡಿಗೆಗೆ ತಗೊಂಡಿದ್ದಾರೆ."

ಅಷ್ಟೇ ಹೇಳಿ ಒಳಗೆ ಓಡಿದೆ. ಆ ಒಂದು ವಾಕ್ಯ ಮಧ್ಯಾಹ್ನದ ಹೊತ್ತಿಗೆ ಶಿವಾಜಿನಗರ ತಲುಪಿತು. ಗೇಟಿಲ್ಲ, ಕ್ಯೂ ಇಲ್ಲ, ಅರ್ಜಿ ಇಲ್ಲ.

ಬುಧವಾರ ಬೆಳಿಗ್ಗೆ ಅಬ್ರಾರ್ ಭಾಯ್ ತಾವೇ ನಮ್ಮ ಅಂಗಡಿಗೆ ಬಂದರು. ಕೈಯಲ್ಲಿ ಬೇಕರಿಯ ಒಂದು ಡಬ್ಬ ದಿಲ್‌ಪಸಂದ್. ಕಣ್ಣು ಸ್ವಲ್ಪ ಒದ್ದೆ.

"ಮಾಸ್ಟ್ರೇ, ಇಷ್ಟ್ ವರ್ಷ ಎದುರುಬದುರು ಕೂತ್ವಿ. ನನಗೊಂದ್ ಮಾತು ಹೇಳ್ಲಿಲ್ಲ ನೀವು. ಪರವಾಗಿಲ್ಲ. ಯಾವಾಗ ಹೋಗ್ತೀರಿ?"

ಮಾಸ್ಟರ ತಲೆಯಲ್ಲಿ ಮದುವೆ ಬಿಟ್ಟು ಬೇರೇನೂ ಇರಲಿಲ್ಲ. "ಭಾನುವಾರ ಅಬ್ರಾರ್. ಯಾರು ಏನಂದ್ರೂ ಭಾನುವಾರ ನಾನು ಹೋಗೇ ಹೋಗ್ತೀನಿ."

"ಯಾ ಅಲ್ಲಾ! ಈ ಭಾನುವಾರಾನೇ? ಮತ್ತೆ ಈ ಬಟ್ಟೆಗಳೆಲ್ಲ?"

"ಎಲ್ಲಾ ರೆಡಿ ಮಾಡಿ ಇಟ್ಟಿದೀನಿ. ತಗೊಂಡ್ ಹೋಗೋರು ಬರ್ಬೇಕಷ್ಟೆ."

ಅಬ್ರಾರ್ ಭಾಯ್ ಬಗ್ಗಿದ ರಾಡನ್ನು ಉದ್ದಕ್ಕೂ ನೋಡಿದರು. ಮಾಸ್ಟರನ್ನು ತಬ್ಬಿಕೊಂಡರು. ಡಬ್ಬ ಕೊಟ್ಟು, ಕಣ್ಣೊರೆಸಿಕೊಂಡು ಹೋದರು. "ತೇಜು ಮದುವೆ ಅಂದ್ರೆ ಇವ್ನಿಗೆಷ್ಟು ಅಕ್ಕರೆ ನೋಡು," ಎಂದರು ಮಾಸ್ಟರು, ದಿಲ್‌ಪಸಂದ್ ಮುರಿಯುತ್ತಾ.

ಅದೇ ಹೊತ್ತಿಗೆ ಪ್ರೇಮ್ ಮೆಟ್ಟಿಲನ್ನು ಎರಡೆರಡಾಗಿ ಇಳಿದು ಬಂದ. "ಮಾಸ್ಟರ್, ಗೇಟ್ ತೆಗೆದ್ರು! ಐದ್ ದಿನ ಆದ್ರೆ ಕ್ಯೂನಲ್ಲಿರೋವೆಲ್ಲ ವಾಪಸ್ ಬಂದ್ಬಿಡ್ತಿದ್ವು. ಕೊನೇ ಗಳಿಗೇಲಿ ಬಚಾವು. ಅಷ್ಟೂ ಹೋಯ್ತು!"

ಮಾಸ್ಟರು ತಲೆ ಬಾಚಿಕೊಂಡರು. ಸ್ಟೂಲು ಬಾಗಿಲಿಗೆ ಬಂತು. ಹನ್ನೆರಡು ಗಂಟೆಯಾಯಿತು, ಒಂದಾಯಿತು. ಬೀದಿಯಲ್ಲಿ ಹೋಗುವವರು ಈಗ ಕೈ ಬೀಸುತ್ತಲೂ ಇರಲಿಲ್ಲ, ಅಂಗಡಿಯ ಕಡೆ ನೋಡಿ ತಮ್ಮತಮ್ಮಲ್ಲೇ ಏನೋ ಮಾತಾಡಿಕೊಳ್ಳುತ್ತಿದ್ದರು. ಪ್ರೇಮ್ ತನ್ನ ಫೋನಿಗೇ ಒಂದು ಮೇಲ್ ಕಳಿಸಿ ನೋಡಿದ. ಬಂದಿತ್ತು. ಆದರೆ ಸ್ಪ್ಯಾಮ್ ಎಂಬ ಪೆಟ್ಟಿಗೆಯಲ್ಲಿ, ಯಾರೂ ಬಗ್ಗಿ ನೋಡದ ಕಸದ ಮೂಲೆಯಲ್ಲಿ.

"ಯಾಕಪ್ಪಾ?" ಎಂದರು ಮಾಸ್ಟರು. ದನಿ ಸಣ್ಣಗಾಗಿತ್ತು.

"ಆ ಮೆಷಿನ್‌ಗೆ ಒಂದು ನಂಬರ್ ಇರುತ್ತೆ. ನಮಗಿಂತ ಮುಂಚೆ ಆ ನಂಬರ್ ಇಟ್ಕೊಂಡಿದ್ದೋನು ನಿಮಗೆ ಲಾಟರಿ ಹೊಡೆದಿದೆ ಅಂತ ಲಕ್ಷ ಜನಕ್ಕೆ ಮೇಲ್ ಹಾಕಿದಾನೆ. ಕೆಟ್ಟ ಹೆಸರು ನಂಬರ್‌ಗೆ ಅಂಟ್ಕೊಂಡಿದೆ. ಈಗ ಆ ಮನೆಯಿಂದ ಯಾರು ಏನು ಹೇಳಿದ್ರೂ ಸುಳ್ಳು ಅನ್ಕೋತಾರೆ."

ಮಾಸ್ಟರು ಸ್ಟೂಲನ್ನು ಒಳಗೆ ಎಳೆದುಕೊಂಡರು. "ಅವನ್ ಪಾಪ ನಾನ್ ಯಾಕ್ ತೊಳೀಬೇಕು? ನನ್ ಹತ್ರ ನಂದೇ ಬೇಕಾದಷ್ಟಿದೆಯಲ್ಲಪ್ಪಾ."

"ಸರಿ ಹೋಗುತ್ತೆ ಮಾಸ್ಟರ್. ದಿನಕ್ಕೆ ಐದೈದೇ ಮೇಲ್ ಕಳಿಸ್ಬೇಕು. ಬಂದೋರು ಕಸದಿಂದ ತೆಗೆದು, ಇದು ಕಸ ಅಲ್ಲ ಅಂತ ಒತ್ತಬೇಕು. ಒಬ್ಬೊಬ್ರು ಹೇಳ್ತಾ ಹೇಳ್ತಾ ನಂಬಿಕೆ ಬರುತ್ತೆ."

"ಎಷ್ಟು ದಿನ?"

"ಒಂದೆರಡು ತಿಂಗಳು."

ನಮಗಿದ್ದದ್ದು ಮಾರನೆಯ ದಿನ ಸಂಜೆ ಐದರವರೆಗೆ.

ಕೊನೆಗೆ ನನ್ನನ್ನೇ ಕಗ್ಗದಾಸಪುರಕ್ಕೆ ಕಳಿಸಿದರು. ಫೋನಿನಲ್ಲಿ ರೆಡಿ ಅನ್ನುವಂತಿಲ್ಲ, ಟ್ರಯಲ್ ಆಗದೆ ಬ್ಲೌಸ್ ಅಂಗಡಿ ದಾಟುವಂತಿಲ್ಲ ಎಂದು ತಂಗಿಯ ಆಜ್ಞೆ. ಕಸದ ಪೆಟ್ಟಿಗೆ ನೋಡಿ ಎಂದು ಹೇಳಿ ಬಂದರೆ ಸಾಕು. ಬಸ್ಸಿನಲ್ಲಿ ಆ ವಾಕ್ಯವನ್ನು ಇಪ್ಪತ್ತು ಸಲ ಹೇಳಿಕೊಂಡೆ. ಭಾಗ್ಯಲಕ್ಷ್ಮಿಯವರು ಬಾಗಿಲು ತೆಗೆದ ಕೂಡಲೇ ಅದು ತುಂಡಾಗಿ ಬಿತ್ತು.

"ಅಮ್ಮ, ಬ್ಲೌಸ್ ರೆಡಿ. ಮೇಲ್ ಕಸದಲ್ಲಿದೆ. ಮುಂಚೆ ಬಾಡಿಗೆಗಿದ್ದೋರು ಲಾಟರಿ ಅಂತ ಮೋಸ ಮಾಡಿದ್ರಂತೆ, ಅದಕ್ಕೆ."

ಅವರು ಒಳಗೆ ತಿರುಗಿ ಕೂಗಿದರು. "ಕೇಳಿದ್ಯಾ ತೇಜು! ಹುಕ್ಸ್ ಬಾಕಿ ಆಯ್ತು, ಕರೆಂಟ್ ಹೋಯ್ತು ಅಂತ ಆಯ್ತು, ಇಸ್ತ್ರಿಯೋನ ಅತ್ತೆ ಮೂರು ಸಲ ಸತ್ತಾಯ್ತು. ಈಗ ಯಾರೋ ಬಾಡಿಗೆಯೋನು ಲಾಟರೀಲಿ ಮೋಸ ಮಾಡಿದ್ನಂತೆ, ಅದಕ್ಕೆ ನಿನ್ ಬ್ಲೌಸ್ ಕಸದಲ್ಲಿದ್ಯಂತೆ! ಕಾರಣ ಹುಡುಕೋದ್ರಲ್ಲಿ ನಮ್ಮಣ್ಣಂಗೆ ಡಾಕ್ಟರೇಟ್ ಕೊಡ್ಬೇಕು." ಆಮೇಲೆ ನನ್ನತ್ತ ತಿರುಗಿ, "ನೀನೇನ್ ಮಾಡ್ತೀಯ ಪಾಪ, ಕಾಫಿ ಕುಡ್ಕೊಂಡ್ ಹೋಗು," ಎಂದರು. ಕುಡಿದು ಬಂದೆ. ಕಾಫಿ ಚೆನ್ನಾಗಿತ್ತು.

ಗುರುವಾರ ಹತ್ತು ಗಂಟೆಗೆ ಮಾಸ್ಟರು ಸ್ಟೂಲನ್ನು ಬಾಗಿಲಿಗೆ ಹಾಕಲಿಲ್ಲ. ಮೆಷಿನ್ ಮುಂದೆ ಸುಮ್ಮನೆ ಕೂತಿದ್ದರು. ಹತ್ತೂಕಾಲಿಗೆ ಆಟೋ ನಿಂತಿತು. ಜೀವನ್ ಭೀಮಾ ನಗರದ ಸೀತಾಲಕ್ಷ್ಮಿ ಮೇಡಂ ಇಳಿದರು. ಇನ್ಶೂರೆನ್ಸ್ ಕಂಪನಿಯಲ್ಲಿ ಆಫೀಸರಾಗಿದ್ದು ರಿಟೈರಾದವರು, ಜೋರು ದನಿ. ಹಿಂದೆಯೇ ಇನ್ನೊಂದು ಆಟೋ. ಅದರ ಹಿಂದೆ ಮೂರು ಸ್ಕೂಟರು. ಬೀದಿಯ ಎರಡೂ ತುದಿಯಿಂದ ಹೆಂಗಸರು ಚೀಟಿ ಹಿಡಿದು ಬರುತ್ತಿದ್ದರು. ಮಾಸ್ಟರು ಎದ್ದು ನಿಂತರು. ಅವರ ಕಣ್ಣು ತುಂಬಿತು.

"ಮೇಡಂ! ತಲುಪಿತಾ?"

"ತಲುಪದೇ ಏನ್ರೀ! ಇಡೀ ಜೀವನ್ ಭೀಮಾ ನಗರಕ್ಕೇ ತಲುಪಿದೆ!"

"ಕಸದಲ್ಲಿ ಹುಡುಕಿದ್ರಾ?"

"ನಾನ್ಯಾಕೆ ಕಸದಲ್ಲಿ ಹುಡುಕ್ಲಿ? ನನ್ನ ಬಟ್ಟೆ ಕಸಕ್ಕೆ ಬೇರೆ ಹಾಕಿದೀರೇನು? ಮುನಿರಾಜಪ್ಪ, ನೀವು ಎಲ್ಲಿಗಾದ್ರೂ ಹೋಗಿ, ನನ್ನ ಮೈಸೂರು ಸಿಲ್ಕ್ ಪೀಸ್ ವಾಪಸ್ ಕೊಟ್ಟು ಹೋಗಿ. ಹೊಲೀದಿದ್ರೂ ಪರವಾಗಿಲ್ಲ, ಕತ್ತರಿಸಿದ್ರೂ ಪರವಾಗಿಲ್ಲ, ತುಂಡಾದ್ರೂ ಕೊಡಿ!"

ನಾನು ರಾಡಿನಿಂದ ಅವರ ಬ್ಲೌಸು ತೆಗೆದು ಕೊಟ್ಟೆ. ಇಸ್ತ್ರಿಯಾಗಿ, ಮಡಿಸಿ, ಹುಕ್ಕು ಹಾಕಿದ್ದು. ಸೀತಾಲಕ್ಷ್ಮಿ ಮೇಡಂ ಅದನ್ನು ತಿರುಗಿಸಿ ನೋಡಿದರು. ಒಳಗಿನ ಹೊಲಿಗೆ ನೋಡಿದರು. ಚೀಟಿ ನೋಡಿದರು.

"ಬರೋ ಸೋಮವಾರ ಅಂತಿದೆ," ಎಂದರು. "ಇವತ್ತಿನ್ನೂ ಗುರುವಾರ." ಸ್ಟೂಲಿನ ಮೇಲೆ ಕೂತುಬಿಟ್ಟರು. "ಯಾರಾದ್ರೂ ಸ್ವಲ್ಪ ನೀರು ಕೊಡಿ."

ಆಮೇಲೆ ನಡೆದದ್ದನ್ನು ಬಜಾರ್ ಬೀದಿ ಇನ್ನೂ ಹೇಳುತ್ತದೆ. ಜಗಳಕ್ಕೆ ಬಂದವರು ಒಬ್ಬೊಬ್ಬರಾಗಿ ಒಳಗೆ ಬಂದು, ಸಿದ್ಧವಾದ ಬ್ಲೌಸು ಹಿಡಿದು, ಬೈಯಲು ಏನೂ ಉಳಿಯದೆ ಹೊರಗೆ ಹೋದರು. ಒಬ್ಬಾಕೆಗಂತೂ ತಯಾರಿ ಮಾಡಿಕೊಂಡು ಬಂದಿದ್ದ ಬೈಗುಳ ವ್ಯರ್ಥವಾಯಿತೆಂದು ಬೇಸರವಾಗಿ, ಹೊರಗೆ ನಿಂತಿದ್ದ ಅಬ್ರಾರ್ ಭಾಯ್‌ಗೆ ಅದನ್ನು ಬೈದು ಹೋದಳು. ಅವರಿಗೆ ಅದು ನ್ಯಾಯವಾಗಿಯೇ ಸಲ್ಲಬೇಕಿತ್ತು, ಅರ್ಧ ನನಗೆ. ಅಂಗಡಿ ಮುಂಬೈಗೆ ಹೋಗುತ್ತದೆಂಬ ಸುದ್ದಿ ಎಲ್ಲಿಂದ ಹುಟ್ಟಿತೆಂದು ಮಾಸ್ಟರು ನಾಲ್ಕು ಸಲ ಕೇಳಿದರು. ನಾನು ಕಾಜಾ ಹೊಲಿಯುತ್ತಿದ್ದೆ.

ನಾಲ್ಕು ಗಂಟೆಗೆ ರಾಡು ಮತ್ತೆ ನೆಟ್ಟಗಾಯಿತು. ಒಂದೇ ಬ್ಲೌಸ್ ಉಳಿದಿತ್ತು. ಗಡಿಯಾರ ನಾಲ್ಕೂವರೆ ದಾಟಿತು. ಮಾಸ್ಟರು ಅದನ್ನು ಕೆಳಗಿಳಿಸಿ ಮತ್ತೆ ಇಸ್ತ್ರಿ ಮಾಡಿದರು. ಅದಕ್ಕೆ ಬೇಕಿರಲಿಲ್ಲ.

ನಾಲ್ಕು ನಲವತ್ತಕ್ಕೆ ಭಾಗ್ಯಲಕ್ಷ್ಮಿಯವರು ಕಾರ್ಖಾನೆಯ ಬ್ಯಾಡ್ಜ್ ಕೂಡ ತೆಗೆಯದೆ ಒಳಗೆ ನುಗ್ಗಿದರು. ಹಿಂದೆ ತೇಜಶ್ರೀ.

"ಅಣ್ಣಾ! ಮುಂಬೈಗಾದ್ರೂ ಹೋಗು, ದುಬೈಗಾದ್ರೂ ಹೋಗು, ನನ್ ಮಗಳ ಬಟ್ಟೆ ಇಟ್ಬಿಟ್ಟು ಹೋಗು! ಕ್ಯಾಂಟೀನಲ್ಲಿ ಬೇರೆಯೋರ ಬಾಯಲ್ಲಿ ಕೇಳ್ಬೇಕಾಯ್ತಲ್ಲ ನಾನು!"

ಮಾಸ್ಟರು ಬ್ಲೌಸನ್ನು ತೇಜಶ್ರೀಯ ಕೈಗಿಟ್ಟರು. ಅವಳು ಪರದೆಯ ಹಿಂದೆ ಹೋದಳು. ನಾವೆಲ್ಲ ಪರದೆ ನೋಡುತ್ತಾ ನಿಂತೆವು. ಹೊರಗೆ ಬಂದಾಗ ಭಾಗ್ಯಲಕ್ಷ್ಮಿಯವರು ಮಗಳನ್ನು ಒಂದು ಸುತ್ತು ತಿರುಗಿಸಿದರು. ಎಡತೋಳು ಮುಟ್ಟಿದರು, ಬಲತೋಳು ಮುಟ್ಟಿದರು. ಬೆನ್ನಿನ ಮೇಲೆ ಒಂದು ನೆರಿಗೆ ಕೂಡ ಇರಲಿಲ್ಲ.

"ಯಾವಾಗ ಮುಗೀತು?"

"ಹೋದ ಶುಕ್ರವಾರ," ಎಂದರು ಮಾಸ್ಟರು.

"ಸುಳ್ಳು."

"ಬರವಣಿಗೇಲಿದೆ," ಎಂದೆ ನಾನು.

ಎಲ್ಲರೂ ತಿರುಗಿ ನೋಡಿದರು. ನಾನು ಅಷ್ಟು ಜೋರಾಗಿ ಹೇಳಬೇಕೆಂದಿರಲಿಲ್ಲ. ಭಾಗ್ಯಲಕ್ಷ್ಮಿಯವರ ಫೋನು ಇಸಿದುಕೊಂಡು ಸ್ಪ್ಯಾಮ್ ತೆಗೆದು ಮುಂದೆ ಹಿಡಿದೆ. ಸಾಲದ ಮೇಲು, ಲಾಟರಿ ಮೇಲು, ತೂಕ ಇಳಿಸುವ ಮೇಲು, ಅವುಗಳ ನಡುವೆ ಹತ್ತು ಸಲ ಯಶೋದಾ ಲೇಡೀಸ್ ಟೈಲರ್ಸ್. ಪ್ರತಿಯೊಂದರ ಪಕ್ಕದಲ್ಲೂ ಬರೆದ ಡೇಟು, ಟೈಮು.

"ಶುಕ್ರವಾರ, ಹನ್ನೊಂದು ಇಪ್ಪತ್ತು," ಎಂದು ಅವರು ಗಟ್ಟಿಯಾಗಿ ಓದಿದರು. "ತಮ್ಮ ಸುಪುತ್ರಿಯ..." ಆಮೇಲಿನದನ್ನೂ ಗಟ್ಟಿಯಾಗಿ ಓದಿದರು. ಐದನೆಯದರಿಂದ ಮನಸ್ಸಿನಲ್ಲೇ ಓದತೊಡಗಿದರು. ಕೊನೆಯದು ನನಗೆ ಬಾಯಿಪಾಠವಿತ್ತು, ಒತ್ತಿದವಳು ನಾನೇ. "ಭಾಗ್ಯ, ಇದು ನಿಂಗೆ ಬರುತ್ತೋ ಇಲ್ವೋ. ತೇಜು ಹುಟ್ಟಿದಾಗ ಮೊದಲನೇ ಅಂಗಿ ಹೊಲಿದಿದ್ದು ನಾನು. ಎರಡು ತಿಂಗಳು ತಡವಾಗಿ ಕೊಟ್ಟೆ, ಅಷ್ಟೊತ್ತಿಗೆ ಅವಳಿಗೆ ಚಿಕ್ಕದಾಗಿತ್ತು. ಗೊತ್ತು ನಂಗೆ. ಈ ಒಂದು ಸಲ ತಡ ಮಾಡಿಲ್ಲ ಕಣೆ."

ಅವರು ಫೋನನ್ನು ಬ್ಯಾಗಿಗೆ ಹಾಕಿಕೊಂಡರು. ಬ್ಯಾಗಿನಲ್ಲಿ ಇನ್ನೇನೋ ಹುಡುಕುವಂತೆ ಸ್ವಲ್ಪ ಹೊತ್ತು ತಲೆ ತಗ್ಗಿಸಿಕೊಂಡೇ ಇದ್ದರು.

"ಭಾನುವಾರ ಬೆಳಿಗ್ಗೆ ಆರಕ್ಕೆ ಛತ್ರದಲ್ಲಿರ್ಬೇಕು," ಎಂದರು. "ಆರು ಅಂದ್ರೆ ಆರು. ಸೋದರಮಾವ ಇಲ್ದೆ ಹೆಣ್ಣು ಕೋಣೆಯಿಂದ ಆಚೆ ಬರಲ್ಲ."

"ಬರವಣಿಗೇಲಿ ಕೊಡು," ಎಂದರು ಮಾಸ್ಟರು.

ಯಶೋದಮ್ಮ ಮೊದಲು ನಕ್ಕರು. ಆಮೇಲೆ ತಂಗಿ.

ಭಾನುವಾರ ಮಾಸ್ಟರು ಛತ್ರಕ್ಕೆ ಐದಕ್ಕೇ ಹೋಗಿ ಅಡಿಗೆಯವರನ್ನು ಎಬ್ಬಿಸಿದರಂತೆ. ನಾನು ಏಳಕ್ಕೆ ಹೋದಾಗ ಬಸಣ್ಣ ಹೊಸ ರೇಷ್ಮೆ ಪಂಚೆ ಉಟ್ಟು ಉಪ್ಪಿಟ್ಟಿನ ಪಂಕ್ತಿಯಲ್ಲಿ ಒಬ್ಬರೇ ಕೂತಿದ್ದರು. ಯಾರೋ ಅವರಿಗೆ ಎರಡು ಸಲ ಕೇಸರಿಬಾತ್ ಬಡಿಸಿದರು. ಅಬ್ರಾರ್ ಭಾಯ್ ಬಂದಿದ್ದರು, ಸೀತಾಲಕ್ಷ್ಮಿ ಮೇಡಂ ಹೊಸ ಬ್ಲೌಸಿನಲ್ಲಿ ಬಂದಿದ್ದರು. ಪ್ರೇಮ್ ಸಹ ಬಂದಿದ್ದ. ಸರ್ವರಿನ ಹೆಸರು ಸ್ವಲ್ಪ ಸುಧಾರಿಸಿದೆ, ಭಾಗ್ಯಲಕ್ಷ್ಮಿಯವರು ಹತ್ತನ್ನೂ ಕಸದಿಂದ ತೆಗೆದಿದ್ದಾರೆ, ಇನ್ನೂ ಜನ ತೆಗೆಯಬೇಕು ಎಂದು ಮಾಸ್ಟರ ಕಿವಿಯಲ್ಲಿ ಹೇಳಿದ. ಹೇಳಬಾರದಿತ್ತು.

ಓಲಗ ಶುರುವಾಯಿತು. ಮಾಸ್ಟರು ತೇಜಶ್ರೀಯ ಕೈ ಹಿಡಿದು ಕೋಣೆಯಿಂದ ಹೊರಟರು. ಬಹಳ ನಿಧಾನವಾಗಿ ನಡೆದರು. ಅವರ ಜೀವನದಲ್ಲಿ ತಡ ಮಾಡಿದ್ದಕ್ಕೆ ಯಾರೂ ಬೈಯದೇ ಇದ್ದದ್ದು ಅದೊಂದೇ ಸಲ. ಹಸೆಮಣೆಯ ಹತ್ತಿರ ಬಂದು ಅವಳನ್ನು ಕೂರಿಸಿದರು. ಸೆರಗು ಭುಜದಿಂದ ಜಾರಿದಾಗ ಯಾರೂ ಸರಿಮಾಡಲು ಓಡಲಿಲ್ಲ, ಎರಡೂ ತೋಳು ಎಲ್ಲರಿಗೂ ಕಾಣುವಂತೆ ಹಾಗೇ ಬಿಟ್ಟರು. ಐನೂರು ಜನ ಅಕ್ಷತೆ ಹಿಡಿದು ಎದ್ದು ನಿಂತರು. ಓಲಗದವರು ಗಟ್ಟಿಮೇಳಕ್ಕೆ ಉಸಿರು ತುಂಬಿಕೊಳ್ಳಲು ಒಂದು ಕ್ಷಣ ನಿಲ್ಲಿಸಿದರು. ಆ ಕ್ಷಣದಲ್ಲಿ ಮಾಸ್ಟರು ಸಭೆಯ ಕಡೆ ತಿರುಗಿ ಕೈಮುಗಿದರು.

"ಎಲ್ರೂ ಒಂದ್ಸಲ ಫೋನಲ್ಲಿ ಸ್ಪ್ಯಾಮ್ ತೆಗೆದು ನೋಡಿ. ನಮ್ದೇನಾದ್ರೂ ಅಲ್ಲಿದ್ರೆ, ದಯವಿಟ್ಟು ಆಚೆಗೆ ತೆಗೀರಿ."

ಗಟ್ಟಿಮೇಳ ಹೊಡೆಯಿತು.